ಎಲ್ಲದಕ್ಕೂ ‘ನರ’ ಅಂದರೆ ಹೇಗೆ?

ಮಾನ್ಯ ಸಂಪಾದಕರೇ,

ಕಳೆದ ವಾರದ ಆರೋಗ್ಯ ಪುರವಣಿಯಲ್ಲಿ ಕಾಲಿನ ನರ ಉಬ್ಬುವುದರ ಬಗ್ಗೆ ಓದಿದೆ. ಉಬ್ಬುವುದು ನರವಲ್ಲ, ರಕ್ತನಾಳ. ಕಾಲಿನಿಂದ ಮೇಲೇರುವ ರಕ್ತ ಹಿಂದಕ್ಕೆ ಜಾರದಂತೆ ಅದರೊಳಗೆ ಕವಾಟಗಳಿರುತ್ತವೆ. ಅವು ಕೆಟ್ಟರೆ ರಕ್ತ ಕೆಳಗೇ ನಿಂತು ನಾಳ ಗಂಟುಗಂಟಾಗುತ್ತದೆ. ಬರೆದವರನ್ನಷ್ಟೇ ದೂರುತ್ತಿಲ್ಲ. 31 ವರ್ಷ ನರ್ಸ್ ಆಗಿದ್ದ ನಾನೂ ಡ್ರಿಪ್ ಹಾಕುವಾಗ ‘ಅಜ್ಜಿ, ಮುಷ್ಟಿ ಬಿಗಿ ಹಿಡೀರಿ, ನರ ಸಿಗ್ತಾ ಇಲ್ಲ’ ಎಂದೇ ಹೇಳುತ್ತಿದ್ದೆ. ನಿಜವಾಗಿ ನರಕ್ಕೇ ಚುಚ್ಚಿದ್ದರೆ ಅಜ್ಜಿ ಮಂಚ ಬಿಟ್ಟು ಎದ್ದಿರುತ್ತಿದ್ದರು!

ಆಡುಮಾತಿಗೆ ಸರಿ, ಚಿಕಿತ್ಸೆಗೆ ಸರಿಯಲ್ಲ. ಅಡಿಕೆ ಸುಲಿಯುವ ಪಕ್ಕದ ಮನೆಯಾಕೆಗೆ ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಎದ್ದು ಕೂತು ಕೈ ಕೊಡವಿದರೆ ತುಸು ಆರಾಮ. ‘ನರ ವೀಕು’ ಎಂದು ಯಾರೋ ಹೇಳಿದ್ದಕ್ಕೆ ಮೂರು ಬಾಟಲಿ ಟಾನಿಕ್ ಕುಡಿದಿದ್ದಳು. ‘ಕಿರುಬೆರಳು ಹೇಗಿದೆ?’ ಎಂದು ಕೇಳಿದೆ. ‘ಅದಕ್ಕೇನೂ ಆಗಿಲ್ಲ ಅಕ್ಕಾ.’ ಮಣಿಕಟ್ಟಿನ ಇಕ್ಕಟ್ಟು ಓಣಿಯಲ್ಲಿ ಬೆರಳು ಮಡಿಸುವ 9 ಸ್ನಾಯುರಜ್ಜುಗಳ ಜತೆ ಒಂದು ನರ ನುಸುಳಿಕೊಂಡು ಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧಕ್ಕೆ ಸ್ಪರ್ಶ ಅದರದ್ದೇ. ಓಣಿಯಲ್ಲಿ ಅದು ಅದುಮಿಕೊಂಡರೆ ಜೋಮು ಹಿಡಿಯುವುದೂ ಆ ಬೆರಳುಗಳಿಗೇ. ಕಿರುಬೆರಳಿನ ನರ ಆ ಓಣಿಗೆ ಬರುವುದೇ ಇಲ್ಲ. ಮೊಣಕೈ ಬಾಗಿಲಿಗೆ ತಗುಲಿದಾಗ ಝುಂ ಎನ್ನುತ್ತದಲ್ಲ, ಅದು. ವೈದ್ಯರಲ್ಲಿಗೆ ಕಳಿಸಿದೆ. ರಾತ್ರಿ ಮಣಿಕಟ್ಟು ಮಡಚದಂತೆ ಪಟ್ಟಿ ಕೊಟ್ಟರು. ಈಗ ನಿದ್ದೆ ಮಾಡುತ್ತಿದ್ದಾಳೆ.

ನಮ್ಮ ಭಾವನವರ ಕಥೆ ಇಷ್ಟು ಸಲೀಸಾಗಲಿಲ್ಲ. ಎಡತೋಳು ಸೆಳೆಯುತ್ತಿದೆ, ‘ನರ ಹಿಡಿದಿದೆ’ ಎಂದು ಬಿಸಿ ಎಣ್ಣೆ ತಿಕ್ಕಿಸಿಕೊಂಡು ಅರ್ಧ ದಿನ ಕಳೆದರು. ಕಟ್ಟಿಕೊಂಡಿದ್ದು ಹೃದಯದ ರಕ್ತನಾಳ. ಹೃದಯದ ನೋವು ತರುವ ನರಗಳೂ ತೋಳಿನ ಒಳಮಗ್ಗುಲಿನ ನರಗಳೂ ಬೆನ್ನುಹುರಿಯಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ಸೇರುವುದರಿಂದ, ನೋವು ಯಾವ ಮನೆಯಿಂದ ಬಂತೆಂದು ಮಿದುಳಿಗೇ ಗೊತ್ತಾಗುವುದಿಲ್ಲ. ಭಾವ ಉಳಿದರು, ಈಗ ಅಂಗಳ ದಾಟಿದರೆ ಏದುಸಿರು.

‘ಅಭಿಧಮನಿ’, ‘ಅಪಧಮನಿ’ ಎಂದೆಲ್ಲ ಬರೆದು ಓದುಗರನ್ನು ಹೆದರಿಸಬೇಕಿಲ್ಲ. ರಕ್ತ ಹರಿಯುವುದಕ್ಕೆ ರಕ್ತನಾಳ ಎಂದು ಬರೆದು, ನರವನ್ನು ನರಕ್ಕಷ್ಟೇ ಬಿಟ್ಟುಕೊಡಿ.

– ನಿವೃತ್ತ ಶುಶ್ರೂಷಕಿ, ಸಾಗರ ತಾಲ್ಲೂಕು