ಅಲ್ಹಂಬ್ರಾ ಚೆನ್ನಾಗಿದೆ ಸರಿ, ಅಲ್ಲಿಗೆ ಹೋಗೋದು ಹೇಗೆ ಅಂತಲೂ ಬರೆಸಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಬಂದ, ಸ್ಪೇನ್ ದೇಶದ ಗ್ರನಾಡಾ ಊರು ಮತ್ತು ಅಲ್ಲಿಯ ಅಲ್ಹಂಬ್ರಾ ಕೋಟೆ-ಅರಮನೆಯ ಲೇಖನ ಓದಿದೆ. ಫೋಟೊಗಳು ಕಣ್ಣಿಗೆ ಹಬ್ಬ. ಸಿಂಹಗಳ ಅಂಗಳ, ಅರಮನೆ ಗೋಡೆಗಳ ಕೆತ್ತನೆ, 1492ರ ಜನವರಿಯಲ್ಲಿ ಕೊನೆಯ ಸುಲ್ತಾನ ಊರು ಬಿಟ್ಟುಕೊಟ್ಟ ಕಥೆ, ಎಲ್ಲ ಚೆನ್ನಾಗಿ ಬರೆದಿದ್ದಾರೆ. ಆದರೆ ಹೋಗುವುದು ಹೇಗೆ ಅನ್ನುವುದಕ್ಕೆ ಕೊನೆಯಲ್ಲಿ ಒಂದೇ ಸಾಲು. ಗ್ರನಾಡಾದಲ್ಲಿ ವಿಮಾನ ನಿಲ್ದಾಣವಿದೆಯಂತೆ. ಇದೆ, ಸುಳ್ಳಲ್ಲ. ಆದರೆ ಅದೊಂದು ಸಾಲು ನಂಬಿಕೊಂಡು ಹೊರಟವರಿಗೆ ದುಡ್ಡೂ ದಂಡ, ಸಮಯವೂ ದಂಡ. ಕಳೆದ ವರ್ಷ ಅತ್ತೆ ಮಾವನನ್ನು ಕರೆದುಕೊಂಡು ಹೋಗಿಬಂದ ನನಗೆ ಸುಮ್ಮನಿರಲು ಆಗಲಿಲ್ಲ, ಅದಕ್ಕೇ ಈ ಪತ್ರ. ಉದ್ದವಾಯಿತು ಅನ್ನಿಸಿದರೆ ಕತ್ತರಿಸಿಕೊಳ್ಳಿ.

ಮೊದಲು ಬುಕ್ ಮಾಡಬೇಕಾದ್ದು ವಿಮಾನವಲ್ಲ, ಅಲ್ಹಂಬ್ರಾ ಟಿಕೆಟ್. ತಮಾಷೆಗೆ ಹೇಳುತ್ತಿಲ್ಲ. ಒಳಗಿನ ನಸ್ರಿದ್ ಅರಮನೆಗಳಿಗೆ, ಅಂದರೆ ಸುಲ್ತಾನರು ಇದ್ದ ಮುಖ್ಯ ಕಟ್ಟಡಗಳಿಗೆ, ಅರ್ಧ ಗಂಟೆಗೆ ಇಷ್ಟೇ ಜನ ಅಂತ ಮಿತಿ ಇದೆ. ಟಿಕೆಟ್ ಮೇಲೆ ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರ್, ಅರಮನೆಗೆ ಹೋಗಬೇಕಾದ ಸಮಯ ಎಲ್ಲ ಅಚ್ಚಾಗಿರುತ್ತದೆ. ಆ ಸಮಯ ತಪ್ಪಿತೋ, ಅರಮನೆ ಇಲ್ಲ, ತೋಟ ಸುತ್ತಿ ವಾಪಸ್ ಬರಬೇಕು ಅಷ್ಟೇ. ಜನ ಜಾಸ್ತಿ ಇರುವ ತಿಂಗಳುಗಳಲ್ಲಿ ವಾರಗಟ್ಟಲೆ ಮುಂಚೆಯೇ ಟಿಕೆಟ್ ಖಾಲಿ. ನಮ್ಮವರು ಮಾಡುವುದು ಉಲ್ಟಾ. ಆಫರ್ ಬಂತು ಅಂತ ವಿಮಾನ ಬುಕ್ ಮಾಡುತ್ತಾರೆ, ಹೋಟೆಲ್ ಮಾಡುತ್ತಾರೆ, ಇನ್ನೇನು ಹೊರಡಬೇಕು ಅನ್ನುವಾಗ ಅಲ್ಹಂಬ್ರಾ ವೆಬ್‌ಸೈಟ್ ತೆಗೆದರೆ ತಾವು ಅಲ್ಲಿರುವ ಯಾವ ದಿನಕ್ಕೂ ಟಿಕೆಟ್ ಇಲ್ಲ. ವೀಸಾನೇ ಬಂದಿಲ್ಲ, ಮೊದಲೇ ಇದನ್ನು ತಗೊಂಡು ಏನು ಮಾಡಲಿ ಅಂತ ಕೇಳಬಹುದು. ವೀಸಾ ಸಿಗದಿದ್ದರೆ ತಲೆಗೆ ಸುಮಾರು ಎರಡು ಸಾವಿರ ರೂಪಾಯಿ ಹೋಗುತ್ತದೆ. ವಿಮಾನದ ಟಿಕೆಟ್ ಹೋದರೆ ಎಷ್ಟು ಹೋಗುತ್ತದೆ ನೀವೇ ಲೆಕ್ಕ ಹಾಕಿ. ಅಂದ ಹಾಗೆ, ಪಾಸ್‌ಪೋರ್ಟ್ ರಿನ್ಯೂ ಮಾಡಿಸುವುದಿದ್ದರೆ ಅದನ್ನು ಎಲ್ಲಕ್ಕಿಂತ ಮುಂಚೆ ಮುಗಿಸಿ. ಹೊಸದಕ್ಕೆ ನಂಬರೇ ಬೇರೆ ಬರುತ್ತದೆ.

ಈಗ ವಿಮಾನ. ಗ್ರನಾಡಾ ನಿಲ್ದಾಣ ಊರಿನಿಂದ ಸುಮಾರು 15 ಕಿ.ಮೀ. ಪಶ್ಚಿಮಕ್ಕಿದೆ. ಕವಿ ಲೋರ್ಕಾನ ಹೆಸರಿಟ್ಟಿದ್ದಾರೆ, ಅದು ಚಂದ. ಆದರೆ ಪುಟ್ಟ ನಿಲ್ದಾಣ, ಬರುವುದು ಹೆಚ್ಚಾಗಿ ಮ್ಯಾಡ್ರಿಡ್, ಬಾರ್ಸಿಲೋನಾ ಥರದ ಒಳನಾಡಿನ ವಿಮಾನಗಳು. ಬೆಂಗಳೂರಿನಿಂದ ಅಲ್ಲಿಗೆ ಅಂದರೆ ಸಾಮಾನ್ಯವಾಗಿ ಎರಡು ಕಡೆ ಬದಲಿಸಬೇಕು. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿ ಸಿಕ್ಕಿ, ರೇಟೂ ಹೊಂದಿದರೆ ತಗೊಳ್ಳಿ, ಬೇಡ ಅನ್ನುವುದಿಲ್ಲ. ಮ್ಯಾಡ್ರಿಡ್ ತನಕ ಒಂದು ಟಿಕೆಟ್, ಅಲ್ಲಿಂದ ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಕಂಪನಿಯದು ಇನ್ನೊಂದು, ಈ ಸಾಹಸ ಮಾತ್ರ ಬೇಡ. ಮೊದಲನೆಯದು ತಡವಾದರೆ ಎರಡನೆಯವರಿಗೆ ಅದರ ಗೊಡವೆ ಇಲ್ಲ, ನೀವು ಬರಲಿಲ್ಲ ಅಂತ ಬರೆದುಕೊಂಡು ಹೊರಟುಬಿಡುತ್ತಾರೆ. ಬ್ಯಾಗನ್ನೂ ನೀವೇ ಇಳಿಸಿಕೊಂಡು ಮತ್ತೆ ಚೆಕ್ ಇನ್ ಮಾಡಬೇಕು. ಹಂಪಿಗೆ ಹೋಗುವವರು ಹೊಸಪೇಟೆಯಲ್ಲಿ ಇಳಿಯುತ್ತಾರಲ್ಲ, ಹಾಗೆ ಮ್ಯಾಡ್ರಿಡ್‌ನಲ್ಲೋ ಗ್ರನಾಡಾಗೆ ಹತ್ತಿರದ ಮಾಲಗಾದಲ್ಲೋ ಇಳಿದು ರೈಲು ಬಸ್ಸು ಹಿಡಿಯುವುದೇ ಸಲೀಸು.

ನಡುವೆ ಎಲ್ಲಿ ವಿಮಾನ ಬದಲಿಸುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಬೇಕು. ನಮ್ಮ ಪಕ್ಕದ ಮನೆಯವರು ರೇಟ್ ಕಡಿಮೆ ಅಂತ ಲಂಡನ್ ಮೂಲಕ ಬುಕ್ ಮಾಡಿದ್ದರು. ಕೈಯಲ್ಲಿ ಸ್ಪೇನ್ ವೀಸಾ ಇತ್ತು. ಆದರೂ ದೇವನಹಳ್ಳಿ ಕೌಂಟರ್‌ನಲ್ಲೇ ನಿಲ್ಲಿಸಿದರು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಲಂಡನ್‌ನಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕು. ಸ್ಪೇನ್ ಕೊಡುವ ಟೂರಿಸ್ಟ್ ವೀಸಾ ಅದಕ್ಕೆ ನಡೆಯುವುದಿಲ್ಲ. ಅಮೆರಿಕದ ವೀಸಾದಂಥದ್ದು ಇದ್ದವರಿಗೆ ವಿನಾಯಿತಿ ಇದೆ, ಆದರೆ ಎಷ್ಟು ಜನರ ಹತ್ತಿರ ಅದು ಇರುತ್ತದೆ? ಇಂಥದ್ದನ್ನು ಟಿಕೆಟ್ ಮಾರುವ ಆ್ಯಪ್‌ಗಳು ಸಣ್ಣ ಅಕ್ಷರದಲ್ಲಿ ಎಲ್ಲೋ ಮೂಲೆಗೆ ಹಾಕಿರುತ್ತವೆ.

ಫ್ರಾಂಕ್‌ಫರ್ಟ್, ಪ್ಯಾರಿಸ್ ಮೂಲಕ ಹೋದರೆ ಆ ತೊಂದರೆ ಇಲ್ಲ, ಷೆಂಗೆನ್ ವೀಸಾ ಸಾಕು. ಯುರೋಪಿನ ಬಹಳಷ್ಟು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ ಅದು, ಸ್ಪೇನ್ ಕೊಡುವ ಟೂರಿಸ್ಟ್ ವೀಸಾ ಅಂದರೂ ಅದೇ. ಆದರೆ ಇಮಿಗ್ರೇಷನ್ ಅಲ್ಲೇ ಆಗುತ್ತದೆ, ಸ್ಪೇನ್‌ನಲ್ಲಿ ಅಲ್ಲ. 2025ರ ಅಕ್ಟೋಬರ್‌ನಿಂದ ಯುರೋಪಿನ ಗಡಿಗಳಲ್ಲಿ ಬೆರಳಚ್ಚು, ಫೋಟೊ ತಗೊಳ್ಳುವ ಹೊಸ ಪದ್ಧತಿ ಶುರುವಾಗಿದೆ, ಸಾಲು ಉದ್ದ ಆಗಬಹುದು. ಒಂದು ಗಂಟೆ ಹತ್ತು ನಿಮಿಷದ ಕನೆಕ್ಷನ್ ಅಂತ ತೋರಿಸಿದರೆ ವಯಸ್ಸಾದವರ ಜತೆ ಅದಕ್ಕೆ ಕೈ ಹಾಕಲೇಬೇಡಿ. ದುಬೈ, ದೋಹಾ ಮೂಲಕ ಹೋದರೆ ಈ ಕೆಲಸ ಎಲ್ಲ ಮ್ಯಾಡ್ರಿಡ್‌ನಲ್ಲಿ ಇಳಿದ ಮೇಲೆ. ಆಗ ಸಾಲಿನಲ್ಲಿ ಎರಡು ಗಂಟೆ ನಿಂತರೂ ತಪ್ಪಿಹೋಗುವ ವಿಮಾನ ಯಾವುದೂ ಇರುವುದಿಲ್ಲ, ಅಲ್ವಾ?

ಮ್ಯಾಡ್ರಿಡ್‌ನಿಂದ ಮುಂದೆ ರೈಲು. ಆತೋಚಾ ಸ್ಟೇಷನ್ನಿಂದ ಗ್ರನಾಡಾಗೆ ಹೈಸ್ಪೀಡ್ ರೈಲು ಮೂರೂವರೆ ಗಂಟೆಯೊಳಗೆ ತಲುಪಿಸುತ್ತದೆ. ಇದು ಬಂದಿದ್ದು 2019ರ ಜೂನ್‌ನಲ್ಲಿ. ಅದಕ್ಕೂ ಮುಂಚೆ, 2015ರಿಂದ ಮೂರು ವರ್ಷಕ್ಕೂ ಜಾಸ್ತಿ, ಹಳಿ ಕೆಲಸ ಅಂತ ಮ್ಯಾಡ್ರಿಡ್ ಕಡೆಯಿಂದ ಈ ಊರಿಗೆ ನೇರ ರೈಲೇ ಇರಲಿಲ್ಲ. ಅಂತೆಕೇರಾ ಅನ್ನುವ ಊರಿನಿಂದ ಬಸ್ಸಿನಲ್ಲಿ ಹೋಗಬೇಕಿತ್ತು. ಹಳೆಯ ಬ್ಲಾಗು, ಹಳೆಯ ಗೈಡ್ ಪುಸ್ತಕ ನೋಡಿ ಪ್ಲಾನ್ ಮಾಡುವವರು ಇದನ್ನು ಗಮನಿಸಿ. ಈಗಲೂ ಲೋಹಾ ಊರಿನ ಹತ್ತಿರ ಹೊಸ ಮಾರ್ಗ ಪೂರ್ತಿ ಆಗಿಲ್ಲ, ಅಲ್ಲಿ ಹಳೆಯ ಒಂಟಿ ಹಳಿ. ಅಲ್ಲಿಯವರೆಗೆ ಹಾರಿಕೊಂಡು ಬಂದ ರೈಲು ಅಲ್ಲಿ ನಮ್ಮ ಪ್ಯಾಸೆಂಜರ್ ಗಾಡಿಯಾಗುತ್ತದೆ. ಮಾವನವರು ಗಡಿಯಾರ ನೋಡಿ ನೋಡಿ, "ದುಡ್ಡು ಮಾತ್ರ ಹೈಸ್ಪೀಡ್‌ದು ತಗೊಂಡಿದ್ದಾರೆ ಕಣಮ್ಮ" ಅಂದರು.

ಏರ್‌ಪೋರ್ಟ್‌ನಿಂದ ಆತೋಚಾಗೆ ಲೋಕಲ್ ರೈಲಿದೆ, ಅರ್ಧ ಗಂಟೆಯ ದಾರಿ. ಆದರೆ ಅದು ನಿಲ್ಲುವುದು ಟರ್ಮಿನಲ್ 4ರಲ್ಲಿ ಮಾತ್ರ. 1, 2, 3ರಲ್ಲಿ ಇಳಿದವರು ಪುಕ್ಕಟೆ ಬಸ್ಸಿನಲ್ಲಿ ಅಲ್ಲಿಗೆ ಹೋಗಬೇಕು, ಇಲ್ಲವಾದರೆ ಹೊರಗೆ ನಿಂತಿರುವ ಹಳದಿ ಎಕ್ಸ್‌ಪ್ರೆಸ್ ಬಸ್ ಹತ್ತಬೇಕು. ಇನ್ನೊಂದು ಗುಟ್ಟು ಹೇಳುತ್ತೇನೆ. ದೂರದ ರೈಲಿನ ಟಿಕೆಟ್ ಇದ್ದವರಿಗೆ ಈ ಲೋಕಲ್ ರೈಲು ಫ್ರೀ, ಟಿಕೆಟ್ ಮೇಲಿರುವ ಕೋಡನ್ನು ಸ್ಟೇಷನ್ನಿನ ಯಂತ್ರಕ್ಕೆ ಕೊಟ್ಟರೆ ಪಾಸ್ ಬರುತ್ತದೆ. ದೂರದ ರೈಲಿಗೆ ಬ್ಯಾಗುಗಳನ್ನು ಏರ್‌ಪೋರ್ಟ್ ಥರ ಎಕ್ಸ್‌ರೇ ಮಾಡುತ್ತಾರೆ, ಕೊನೇ ನಿಮಿಷಕ್ಕೆ ಓಡಿ ಹತ್ತುವ ನಮ್ಮ ಅಭ್ಯಾಸ ಅಲ್ಲಿ ನಡೆಯಲ್ಲ. ಕಾಯುವಾಗ ಹೊಟ್ಟೆ ಹಸಿದರೆ ಸಸ್ಯಾಹಾರಿಗಳು ಹುಷಾರು, ವೆಜಿಟಲ್ ಅಂತ ಬೋರ್ಡ್ ಹಾಕಿದ ಸ್ಯಾಂಡ್‌ವಿಚ್‌ನಲ್ಲಿ ಎಷ್ಟೋ ಸಲ ಮೀನು, ಮೊಟ್ಟೆ ಇರುತ್ತದೆ. ಗ್ರನಾಡಾಗೆ ದಿನಕ್ಕೆ ಇರುವುದು ಬೆರಳೆಣಿಕೆಯ ರೈಲು. ವಿಮಾನ ಇಳಿಯುವುದು ಸಂಜೆಯಾದರೆ ಆ ರಾತ್ರಿ ಮ್ಯಾಡ್ರಿಡ್‌ನಲ್ಲೇ ಮಲಗಿ ಬೆಳಗ್ಗೆ ಹೊರಡುವುದು ಒಳ್ಳೆಯದು.

ಬಸ್ಸನ್ನು ಕಡೆಗಣಿಸಬೇಡಿ. ಮ್ಯಾಡ್ರಿಡ್‌ನಿಂದ ಹೆಚ್ಚುಕಡಿಮೆ ಐದು ಗಂಟೆ, ರೈಲಿಗಿಂತ ಅಗ್ಗ, ಹಾಯೇನ್ ಜಿಲ್ಲೆ ದಾಟುವಾಗ ಕಣ್ಣು ಹಾಯಿಸಿದಷ್ಟು ದೂರ ಸಾಲು ಸಾಲು ಆಲಿವ್ ಗಿಡ. ಮಾಲಗಾದಲ್ಲಿ ಇಳಿದವರಿಗಂತೂ ಬಸ್ಸೇ ರಾಜ. ಏರ್‌ಪೋರ್ಟ್‌ನಿಂದ ಲೋಕಲ್ ರೈಲಿನಲ್ಲಿ ಮಾಲಗಾ ಸ್ಟೇಷನ್, ಪಕ್ಕದಲ್ಲೇ ಬಸ್ ನಿಲ್ದಾಣ, ಅಲ್ಲಿಂದ ಎರಡು ಗಂಟೆಯೊಳಗೆ ಗ್ರನಾಡಾ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ವಿಮಾನ ಹುಡುಕುವಾಗ ಹೋಗಿಬರುವ ಟಿಕೆಟ್ ಅಂತ ಒತ್ತದೆ ಮಲ್ಟಿ ಸಿಟಿ ಅಂತ ಒತ್ತಿ. ಹೋಗುವುದು ಮ್ಯಾಡ್ರಿಡ್‌ಗೆ, ವಾಪಸ್ ಹೊರಡುವುದು ಮಾಲಗಾದಿಂದ. ನಡುವೆ ಕಾರ್ಡೋಬಾದಲ್ಲಿ ಒಂದು ರಾತ್ರಿ ಇಳಿದು ಅಲ್ಲಿಯ ದೊಡ್ಡ ಮಸೀದಿಯನ್ನೂ ನೋಡಬಹುದು, ಗ್ರನಾಡಾ ರೈಲು ಹೇಗೂ ಅದೇ ದಾರಿಯಲ್ಲಿ ಹೋಗುತ್ತದೆ. ಬಂದ ದಾರಿಯಲ್ಲೇ ಮತ್ತೆ ಮ್ಯಾಡ್ರಿಡ್‌ಗೆ ಹೋಗುವ ಒಂದು ದಿನ ಉಳಿಯುತ್ತದೆ.

ಕಾರ್ ಬಾಡಿಗೆಗೆ ತಗೊಳ್ಳುವ ಆಸೆ ಇದ್ದರೆ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ. ಆದರೆ ಗ್ರನಾಡಾದ ಹಳೆಯ ಊರಿನೊಳಗೆ ಹೊರಗಿನ ಕಾರಿಗೆ ನಿರ್ಬಂಧ ಇದೆ, ಕ್ಯಾಮೆರಾ ಇಟ್ಟಿದ್ದಾರೆ. ಹೋಟೆಲಿನವರಿಗೆ ಮೊದಲೇ ಗಾಡಿ ನಂಬರ್ ಕೊಡದಿದ್ದರೆ ನೀವು ಬೆಂಗಳೂರಿಗೆ ಬಂದ ಮೇಲೆ ದಂಡದ ಕಾಗದ ಬರಬಹುದು. ಈ ಊರಿಗೆ ಕಾರ್ ಬೇಡವೇ ಬೇಡ.

ಊರೊಳಗೆ ಓಡಾಡಲು ಪುಟ್ಟ ಪುಟ್ಟ ಬಸ್ಸುಗಳಿವೆ. ಅಲ್ಹಂಬ್ರಾಗೆ ಹೋಗುವುದು ಸಿ-30. ಟಿಕೆಟ್ ಮೊದಲೇ ಇದ್ದರೆ ಮೇಲಿನ ಟಿಕೆಟ್ ಕೌಂಟರ್ ತನಕ ಹೋಗಬೇಡಿ, ನ್ಯಾಯದ ಬಾಗಿಲು ಅನ್ನುವ ಕಲ್ಲಿನ ದೊಡ್ಡ ದ್ವಾರದ ಹತ್ತಿರವೇ ಇಳಿದುಕೊಳ್ಳಿ. ಅಲ್ಲಿಂದ ಅರಮನೆ ಹತ್ತಿರ. ಕೌಂಟರ್ ಕಡೆಯಿಂದ ಬಂದರೆ ಒಳಗೇ ಕಾಲು ಗಂಟೆ ನಡಿಗೆ, ಅತ್ತೆಯವರಂಥ ಮಂಡಿ ನೋವಿನವರಿಗೆ ಕಷ್ಟ. ಇನ್ನು ಅಲ್ಬೈಸಿನ್ ಬಡಾವಣೆಯಲ್ಲಿ ಮನೆ ಬಾಡಿಗೆಗೆ ಹಿಡಿಯುವವರು ಟ್ಯಾಕ್ಸಿ ಬಾಗಿಲ ತನಕ ಬರುತ್ತದಾ ಅಂತ ಕೇಳಿಕೊಳ್ಳಿ. ಅಲ್ಲಿಯ ಓಣಿಗಳಿಗೆಲ್ಲ ಉರುಟು ಹೊಳೆಗಲ್ಲು ಹಾಸಿದ್ದಾರೆ. ಟ್ರಾಲಿ ಬ್ಯಾಗಿನ ಚಕ್ರ ಕಲ್ಲಿನ ಸಂದಿಗೆ ಸಿಕ್ಕಿಕೊಂಡು ಟಕಟಕ ಅಂತ ಇಡೀ ಬೀದಿಯನ್ನು ಎಬ್ಬಿಸುತ್ತದೆ, ಕೊನೆಗೆ ಹೊತ್ತುಕೊಂಡೇ ಹತ್ತಬೇಕು.

ಇಷ್ಟನ್ನೂ ಲೇಖನದಲ್ಲೇ ಹಾಕಿ ಅಂತ ನಾನು ಹೇಳುತ್ತಿಲ್ಲ. ಪಕ್ಕದಲ್ಲಿ ಒಂದು ಬಾಕ್ಸ್ ಕೊಡಿ, ಎಲ್ಲಿ ಇಳಿಯಬೇಕು, ಯಾವುದನ್ನು ಮೊದಲು ಬುಕ್ ಮಾಡಬೇಕು, ಯಾವ ದಾರಿ ಬೇಡ, ಇಷ್ಟು ಸಾಕು. ಮುಂದಿನ ವಾರ ಟೊಲೆಡೊ ಅಂತ ಹಾಕಿದ್ದೀರಿ. ಅಲ್ಲಿಗೆ ಆತೋಚಾದಿಂದ ರೈಲಿನಲ್ಲಿ ಬರೀ ಅರ್ಧ ಗಂಟೆ, ಅದನ್ನಾದರೂ ಬರೆಸಿ.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬರು, ಜಯನಗರ, ಬೆಂಗಳೂರು