ಒಂದು ‘ಎಲ್’ ಜಾಸ್ತಿಯಾಗಿದ್ದಕ್ಕೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಸಣ್ಣಗಾಗಿತ್ತು. ಆಫೀಸಿನ ಮೇಲ್‌ನಲ್ಲಿ ‘ಅಂಟಿಲ್’ ಅನ್ನೋ ಪದಕ್ಕೆ ಕೊನೆಯಲ್ಲಿ ಎರಡು ಎಲ್ ಹಾಕಿಬಿಟ್ಟೆ, ನಿಮ್ಮ ಮೇಲಿನವರು ಅದಕ್ಕೆ ಹಳದಿ ಬಳಿದು ಇಡೀ ಗುಂಪಿಗೆ ಕಳಿಸಿದರು ಅಂದೆ. ಅದೂ ಇರಲಿ. “ಕನ್ನಡ ಮೀಡಿಯಂ ಅಂತ ಎಲ್ಲರಿಗೂ ಗೊತ್ತಾಯ್ತು ಅಪ್ಪ” ಅಂದೆಯಲ್ಲ, ಅದು ಕೊರೆಯುತ್ತಾ ಇತ್ತು. ಫೋನಿನಲ್ಲಿ ಸಮಾಧಾನ ಹೇಳೋದು ನನಗೆ ಬರುವುದಿಲ್ಲ, ನಿನಗೆ ಗೊತ್ತೇ ಇದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಒಪ್ಪಿಕೊಳ್ಳೋಣ. ಇವತ್ತಿನ ಲೆಕ್ಕದಲ್ಲಿ ಅದು ತಪ್ಪೇ. ಒಂದೇ ಎಲ್. ನಾನೂ ಟೈಪಿಂಗ್ ಕಲಿಯುವಾಗ ಇದೇ ತಪ್ಪು ಮಾಡಿ ಹಾಳೆಗಟ್ಟಲೆ ಮತ್ತೆ ಹೊಡೆದಿದ್ದೇನೆ. ಆದರೆ ನೀನು ಎರಡು ಎಲ್ ಹಾಕಿದ್ದು ದಡ್ಡತನದಿಂದಲ್ಲ. ‘ಟಿಲ್’ ಅಂತ ಬರೆಯುವಾಗ ಎರಡು ಎಲ್ ಬೇಕು. ಅದೇ ಟಿಲ್‌ಗೆ ಮುಂದೆ ‘ಅನ್’ ಸೇರಿದ ಕೂಡಲೇ ಒಂದು ಎಲ್ ಉದುರಿಹೋಗಬೇಕು. ಇದನ್ನು ಯಾರಾದರೂ ತಾನಾಗಿ ಊಹಿಸೋಕಾಗುತ್ತಾ? ಇಂಗ್ಲಿಷಿನವರು ಮಾಡಿಕೊಂಡ ರೂಢಿ ಅದು. ಪುಟ್ಟ ಪದ ಒಂಟಿಯಾಗಿದ್ದಾಗ ಎರಡು ಎಲ್, ದೊಡ್ಡ ಪದದೊಳಗೆ ಸೇರಿದಾಗ ಒಂದು. ‘ಫುಲ್’ಗೆ ಎರಡು, ‘ಜಾಯ್‌ಫುಲ್’ಗೆ ಒಂದು. ‘ಆಲ್’ಗೆ ಎರಡು, ‘ಆಲ್‌ವೇಸ್’ಗೆ ಒಂದು. ‘ವೆಲ್’ಗೆ ಎರಡು, ‘ವೆಲ್‌ಕಮ್’ಗೆ ಒಂದು. ಹಾಗಾದರೆ ‘ಫೇರ್‌ವೆಲ್’ಗೆ ಯಾಕೆ ಎರಡು ಅಂತ ಮಾತ್ರ ಕೇಳಬೇಡ. ಬರುವವರಿಗೆ ಒಂದು, ಹೋಗುವವರಿಗೆ ಎರಡು ಅಂತ ಇಟ್ಟುಕೋ!

ನಿನ್ನ ಸ್ಪೆಲ್ಲಿಂಗ್ ಒಂದು ಕಾಲಕ್ಕೆ ಸರಿಯಾಗೇ ಇತ್ತು ಕಣೇ. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ನೋಹ ಹಡಗಿನಿಂದ ಒಂದು ಕಾಗೆ ಬಿಡುತ್ತಾನೆ. ನೆಲದ ಮೇಲಿನ ನೀರು ಒಣಗುವ ತನಕ ಅದು ಹಾರಾಡುತ್ತಲೇ ಇತ್ತು ಅಂತ ಬರುತ್ತದೆ. ಆ ‘ತನಕ’ಕ್ಕೆ ಅವತ್ತು ಅಚ್ಚಿನ ಮನೆಯವರು ಹಾಕಿದ್ದು ವಿ, ಎನ್, ಟಿ, ಐ, ಎಲ್, ಎಲ್. ಎರಡು ಎಲ್ ಸರಿ, ಅದರ ಮೇಲೆ ಮೊದಲಕ್ಷರ ಯು ಬದಲು ವಿ. ಆಗಿನ ಅಚ್ಚಿನಲ್ಲಿ ಪದದ ಶುರುವಿಗೆ ವಿ ಹಾಕೋದು ವಾಡಿಕೆ. ರಾಜನ ಹೆಸರಿನ ಬೈಬಲ್ಲಿಗೆ ಹಳದಿ ಬಳಿಯುವವರು ಯಾರು ಹೇಳು?

ಇನ್ನೊಂದು ಮಾತು. ಟಿಲ್ ಅಂದರೆ ಅಂಟಿಲ್‌ನ ತಲೆ ಕತ್ತರಿಸಿ ಮಾಡಿದ ಪದ ಅಂತ ಬಹಳ ಜನ ತಿಳಿದಿದ್ದಾರೆ. ಅದಕ್ಕೇ ಮುಂದೆ ಒಂದು ಅಪಾಸ್ಟ್ರಫಿ ಹಾಕಿ, ಒಂದು ಎಲ್ ತೆಗೆದು ಪೋಸ್ಟರುಗಳಲ್ಲಿ ಬರೆಯುತ್ತಾರೆ. ನಿಜ ಇದಕ್ಕೆ ಪೂರಾ ಉಲ್ಟಾ. ಟಿಲ್‌ ಅಜ್ಜಿ, ಅಂಟಿಲ್ ಮೊಮ್ಮಗಳು. ಅಂಟಿಲ್ ಬಂದದ್ದು 1200ರ ಆಸುಪಾಸಿನಲ್ಲಿ. ಟಿಲ್ ಅದಕ್ಕಿಂತ ನಾನೂರು ವರ್ಷಕ್ಕೂ ಹೆಚ್ಚು ಹಳೆಯದು.

ಎಷ್ಟು ಹಳೆಯದು ಅಂದರೆ, ಇಂಗ್ಲಿಷಿನ ತೀರಾ ಹಳೆಯ ಪದ್ಯಗಳಲ್ಲೇ ಅದು ಸಿಗುತ್ತದೆ. ಈ ಕಥೆ ನಿನಗೆ ಇಷ್ಟವಾಗುತ್ತೆ. ಇಂಗ್ಲೆಂಡಿನ ಉತ್ತರ ಭಾಗದ ವ್ಹಿಟ್ಬಿ ಮಠದಲ್ಲಿ ಕ್ಯಾಡ್ಮನ್ ಅಂತ ಒಬ್ಬ ದನ ಕಾಯುವವನಿದ್ದ. 7ನೇ ಶತಮಾನ, ಇಲ್ಲಿ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದ ಕಾಲ. ಊಟದ ಕೂಟದಲ್ಲಿ ಒಬ್ಬರಾದ ಮೇಲೊಬ್ಬರು ಹಾರ್ಪ್ ಅನ್ನುವ ತಂತಿವಾದ್ಯ ಹಿಡಿದು ಹಾಡಬೇಕು. ಇವನಿಗೆ ಹಾಡೋಕೆ ಬರಲ್ಲ. ಹಾರ್ಪ್ ತನ್ನ ಹತ್ತಿರ ಬರುತ್ತಿದೆ ಅನ್ನುವಾಗಲೇ ನಾಚಿಕೆಯಿಂದ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ. (ಯಾರ ನೆನಪಾಯ್ತು? ಮೀಟಿಂಗ್ ಅಂದರೆ ಕ್ಯಾಮೆರಾ ಆಫ್ ಮಾಡುವ ಒಬ್ಬಳು ನಮ್ಮ ಮನೆಯಲ್ಲೂ ಇದ್ದಾಳೆ.) ಒಂದು ರಾತ್ರಿ ಅಲ್ಲೇ ಮಲಗಿದ್ದಾಗ ಕನಸಿನಲ್ಲಿ ಯಾರೋ ಬಂದು ಹಾಡು ಅಂದರಂತೆ, ಹಾಡಿದನಂತೆ. ಬೀಡ್ ಅನ್ನುವ ಸನ್ಯಾಸಿ 731ರಲ್ಲಿ ಬರೆದು ಮುಗಿಸಿದ ಚರಿತ್ರೆಯಲ್ಲಿ ಇದು ಇದೆ. ಆ ಪದ್ಯದಲ್ಲಿ ದೇವರು ಮನುಷ್ಯರಿಗೆ ‘ಹೆಬೆನ್ ಟಿಲ್ ಹ್ರೋಫೆ’ ಮಾಡಿದ ಅಂತ ಬರುತ್ತದೆ. ಆಕಾಶವನ್ನು ಸೂರಾಗಿ ಮಾಡಿದ ಅಂತ. ಅಲ್ಲಿರುವ ಟಿಲ್ ಇದೇ ಟಿಲ್. ಒಂದೇ ಎಲ್ ಬೇರೆ!

ಆಮೇಲೆ ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗಿನಲ್ಲಿ ಬಂದು ದಾಳಿ ಮಾಡುತ್ತಿದ್ದ ವೈಕಿಂಗರು ಬಂದರು. 793ರಲ್ಲಿ ಲಿಂಡಿಸ್‌ಫಾರ್ನ್ ಮಠದ ಮೇಲೆ ಬಿದ್ದರು, ಮುಂದೆ ಅಲ್ಲೇ ಹೊಲ ಮನೆ ಮಾಡಿಕೊಂಡು ನೆಲೆನಿಂತರು. ಅವರ ನೋರ್ಸ್ ಭಾಷೆಯಲ್ಲೂ ‘ಟಿಲ್’ ಇತ್ತು, ಹಾಗಾಗಿ ಪದ ಇನ್ನೂ ಗಟ್ಟಿಯಾಯಿತು. ಇವತ್ತಿಗೂ ಡೆನ್ಮಾರ್ಕಿನವರು ಒಂದು ಎಲ್, ಸ್ವೀಡನ್ನಿನವರು ಎರಡು ಎಲ್ ಹಾಕಿ ಈ ಪದ ಬರೆಯುತ್ತಾರೆ, ಪಕ್ಕಪಕ್ಕದ ದೇಶದವರೇ. ಅಂಟಿಲ್‌ನ ಮುಂದಿನ ‘ಅನ್’ ಕೂಡ ನೋರ್ಸ್ ಕಡೆಯದು. ಅನ್‌ಹ್ಯಾಪಿಯಲ್ಲಿರುವ ‘ಇಲ್ಲ’ ಅನ್ನೋ ಅನ್ ಅಲ್ಲ ಇದು. ಇದರ ಅರ್ಥವೂ ‘ವರೆಗೆ’ ಅಂತಲೇ. ಅಂದರೆ ಅಂಟಿಲ್ ಅಂದರೆ ‘ವರೆಗೆ ತನಕ’ ಅಂದ ಹಾಗೆ. ನಾವು ‘ನಡುಮಧ್ಯೆ’ ಅನ್ನಲ್ವಾ, ಹಾಗೆ.

ಟಿಲ್‌ನ ಬೇರಿನಲ್ಲಿ ‘ಗುರಿ’ ಅನ್ನುವ ಅರ್ಥ ಇದೆ. ಜರ್ಮನ್ ಭಾಷೆಯಲ್ಲಿ ಗುರಿಗೆ ‘ತ್ಸೀಲ್’ ಅಂತಾರೆ, ಅದು ಇದರ ದಾಯಾದಿ. ಹೊಲ ಉಳುವುದಕ್ಕೂ ಟಿಲ್ ಅಂತಾರಲ್ಲ, ಅದೂ ಅದೇ ಬೇರಿನದು. ನಮ್ಮ ‘ವರೆಗೆ’ ನೋಡು. ತಮಿಳಿನಲ್ಲಿ ‘ವರೈ’ ಅಂದರೆ ‘ತನಕ’ವೂ ಹೌದು, ಗೆರೆ ಎಳೆಯುವುದೂ ಹೌದು. ಅವರ ‘ವಾ’ ನಮಗೆ ‘ಬಾ’ ಆದ ಹಾಗೆ ಆ ‘ವರೈ’ ನಮಗೆ ‘ಬರೆ’. ಅವರು ಗುರಿ ಇಟ್ಟರು, ನಾವು ಗೆರೆ ಎಳೆದೆವು.

ಕನ್ನಡ ಮೀಡಿಯಂ ಅಂದೆಯಲ್ಲ, ಅದಕ್ಕೊಂದು ಉತ್ತರ ಇದೆ. ಅಂಟಿಲ್ ಬಳಸುವಾಗ ಕನ್ನಡದವರಿಗೆ ಒಂದು ಅನುಕೂಲ ಇದೆ. ಹಿಂದಿಯವರು ‘ಜಬ್ ತಕ್ ತುಮ್ ನಹೀ ಆತೇ’ ಅಂತ ‘ಇಲ್ಲ’ ಸೇರಿಸಿ ಹೇಳುತ್ತಾರೆ. ಅದನ್ನು ಹಾಗೇ ಇಂಗ್ಲಿಷಿಗೆ ತಂದು ‘ಅಂಟಿಲ್ ಯು ಡೋಂಟ್ ಕಮ್’ ಅಂದುಬಿಡುತ್ತಾರೆ, ತಪ್ಪಾಗುತ್ತದೆ. ನಾವು ‘ನೀನು ಬರುವ ತನಕ’ ಅಂತೀವಿ. ‘ಇಲ್ಲ’ ಬರೋದೇ ಇಲ್ಲ. ಇಂಗ್ಲಿಷೂ ಹಾಗೇ. ‘ಶುಕ್ರವಾರದ ಒಳಗೆ ಕಳಿಸಿ’ ಅನ್ನೋದಕ್ಕೆ ಟಿಲ್ ಹಾಕುವವರನ್ನೂ ನೋಡಿದ್ದೇನೆ. ಅಲ್ಲಿ ‘ಬೈ’ ಬೇಕು. ‘ಒಳಗೆ’ ಅಂದರೆ ಬೈ, ‘ವರೆಗೆ’ ಅಂದರೆ ಟಿಲ್. ಕನ್ನಡದಲ್ಲಿ ಯೋಚನೆ ಮಾಡಿದರೆ ಎಡವುವುದೇ ಇಲ್ಲ.

ನಮಗೆ ತೊಡಕಾಗೋದು ಜಾಗದ ವಿಷಯದಲ್ಲಿ ಮಾತ್ರ. ‘ಈ ಬಸ್ ಟಿಲ್ ಮೆಜೆಸ್ಟಿಕ್ ಹೋಗುತ್ತೆ’ ಅಂತೀವಿ, ಯಾಕೆಂದರೆ ನಮ್ಮ ‘ತನಕ’ ಕಾಲಕ್ಕೂ ಸರಿ, ಊರಿಗೂ ಸರಿ. ಇವತ್ತಿನ ಇಂಗ್ಲಿಷಿನಲ್ಲಿ ಅದು ಕಾಲಕ್ಕೆ ಮಾತ್ರ. ಆದರೆ ಹಳೇ ಟಿಲ್ ಜಾಗಕ್ಕೂ ಆಗುತ್ತಿತ್ತು. ಮೆಜೆಸ್ಟಿಕ್ ಬಸ್ ಹತ್ತಿದ್ದರೆ ಕ್ಯಾಡ್ಮನ್ ಏನೂ ಅನ್ನುತ್ತಿರಲಿಲ್ಲ.

ಇಷ್ಟೆಲ್ಲ ಆ ಮನುಷ್ಯನಿಗೆ ಮೇಲ್ ಮಾಡಬೇಡ ಮತ್ತೆ. ಒಂದು ಎಲ್ ತೆಗೆದು ಸುಮ್ನೆ ಮತ್ತೆ ಕಳಿಸಿಬಿಡು.

ಅಮ್ಮ ಹಲಸಿನ ಹಪ್ಪಳ ಒಣಗಿಸಿ ಡಬ್ಬ ಮೇಲಿನ ಅಟ್ಟಕ್ಕೆ ಎತ್ತಿಟ್ಟಿದ್ದಾಳೆ. ನೀನು ಬರುವ ತನಕ ಯಾರೂ ಮುಟ್ಟಬಾರದಂತೆ. ನಾನು ಎರಡು ತೆಗೆದು ಸುಟ್ಟು ತಿಂದೆ, ಹೇಳಬೇಡ. ಟಿಕೆಟ್ ಬುಕ್ ಆದ ಮೇಲೆ ಒಂದು ಮೆಸೇಜ್ ಹಾಕು.

ನಿನ್ನ
ಅಪ್ಪ