ಮೊದಲು ಮನೆಯ ಕಂಪ್ಯೂಟರಲ್ಲೇ ಹಾರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ಓದುಗರ ಪತ್ರದಲ್ಲಿ ಗೌರಿಬಿದನೂರಿನ ತಾಯಿಯೊಬ್ಬರು ಬರೆದಿದ್ದರು. ಪಿಯುಸಿ ಓದುವ ಮಗನಿಗೆ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಹುಚ್ಚು, ಅಂಗಡಿಯಲ್ಲಿ ಕೇಳಿದರೆ ಒಂದೂವರೆ ಲಕ್ಷ ಆಗುತ್ತೆ ಅಂದರು, ಒಂದು ಆಟಕ್ಕೆ ಇಷ್ಟು ದುಡ್ಡು ಸುರಿಯಬೇಕಾ ಅಂತ ಕೇಳಿದ್ದರು. ಅಮ್ಮಾ, ಸದ್ಯಕ್ಕೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಹಾಗಂತ ಮಗನಿಗೆ ಬೇಡ ಅಂತಲೂ ಹೇಳಬೇಡಿ.

ನಾನು ಚಿಕ್ಕಬಳ್ಳಾಪುರದಲ್ಲಿ ಬೋರ್‌ವೆಲ್ ಮೋಟರ್ ವೈಂಡಿಂಗ್ ಮಾಡುವವನು. ನಾಲ್ಕು ವರ್ಷದಿಂದ ಅಂಗಡಿ ಬಾಗಿಲು ಹಾಕಿದ ಮೇಲೆ ದಿನಾ ಒಂದು ಗಂಟೆ ಹಾರಿಸುತ್ತೇನೆ. ಶುರುವಿನಲ್ಲಿ ನನಗೂ ಹೀಗೇ ಆಗಿತ್ತು. ಬೆಂಗಳೂರಿನ ಒಂದು ಅಂಗಡಿಯವರು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆಗುವುದೇ ಇಲ್ಲ ಅಂದರು, ನಂಬಿ 38 ಸಾವಿರ ಕೊಟ್ಟು ತಂದೆ. ಮನೆಗೆ ಬಂದು ಹಾಕಿದರೆ ನನ್ನ ಹಳೇ ಸಿಸ್ಟಂನ ಪವರ್ ಸಪ್ಲೈ ಅದಕ್ಕೆ ಸಾಲಲಿಲ್ಲ. ಅವರು ವಾಪಸ್ ತಗೊಳ್ಳಲೂ ಇಲ್ಲ. ಏಳು ತಿಂಗಳು ಆ ಕಾರ್ಡ್ ಡಬ್ಬದಲ್ಲೇ ಕೂತಿತ್ತು. ಆ ಏಳು ತಿಂಗಳು ಹಳೇ ಕಂಪ್ಯೂಟರಲ್ಲೇ ಹಾರಿಸಿದೆ, ಇವತ್ತು ನನಗೆ ಬರುವುದರಲ್ಲಿ ಮುಕ್ಕಾಲು ಪಾಲು ಕಲಿತದ್ದು ಆಗಲೇ.

ಫ್ಲೈಟ್‌ಗೇರ್ ಅಂತ ಕಂಪ್ಯೂಟರಲ್ಲಿ ವಿಮಾನ ಹಾರಿಸುವ ಒಂದು ಸಾಫ್ಟ್‌ವೇರ್ ಇದೆ. ಪೂರ್ತಿ ಉಚಿತ. ಬೇರೆ ಬೇರೆ ದೇಶಗಳ ಆಸಕ್ತರು ಸೇರಿ 1997ರಿಂದ ಬರೆದು ಬೆಳೆಸಿಕೊಂಡು ಬಂದಿದ್ದಾರೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಚಿತ್ರದ ಗುಣಮಟ್ಟ ಸ್ವಲ್ಪ ಇಳಿಸಿಕೊಂಡರೆ ಹಳೇ ಲ್ಯಾಪ್‌ಟಾಪೂ ಸಾಕು. ಮೈಕ್ರೋಸಾಫ್ಟ್‌ನವರ ಫ್ಲೈಟ್ ಸಿಮ್ಯುಲೇಟರ್ 1982ರಿಂದಲೂ ಇದೆ, ಅದರ 2020ರ ಆವೃತ್ತಿ ನೋಡಿದರೆ ಹುಡುಗರು ಮರುಳಾಗುವುದು ಸಹಜ, ಅಷ್ಟು ಚೆನ್ನಾಗಿದೆ. ಆದರೆ ಅದಕ್ಕೆ ಡಿಸ್ಕ್‌ನಲ್ಲಿ 150 ಜಿಬಿ ಜಾಗ ಬೇಕು, ಒಳ್ಳೆಯ ಇಂಟರ್‌ನೆಟ್ ಬೇಕು, ಗಟ್ಟಿ ಕಂಪ್ಯೂಟರ್ ಬೇಕು. ಅದು ಆಮೇಲಿನ ಮಾತು. ಫ್ಲೈಟ್‌ಗೇರ್‌ನಲ್ಲಿ ನಮ್ಮ ಊರು ಬೂದಿ ಬಣ್ಣದ ತೇಪೆಯ ಹಾಗೆ ಕಾಣುತ್ತೆ, ನಿಜ. ಆದರೆ ವಿಮಾನ ವಿಮಾನದ ಥರಾನೇ ನಡೆದುಕೊಳ್ಳುತ್ತೆ. ಕಲಿಯುವವರಿಗೆ ಬೇಕಾದ್ದು ಅದು.

ಒಂದೇ ವಿಮಾನ, ಒಂದೇ ರನ್‌ವೇ ಇಟ್ಟುಕೊಂಡು ಶುರು ಮಾಡಿ. ವಿಮಾನ ಸೆಸ್ನಾ 172. ನಾಲ್ಕು ಸೀಟು, ಒಂದೇ ಇಂಜಿನ್. ಮೊದಲು ಹಾರಿದ್ದು 1955ರಲ್ಲಿ, ಇಲ್ಲಿಯವರೆಗೆ 44 ಸಾವಿರಕ್ಕೂ ಜಾಸ್ತಿ ತಯಾರಾಗಿವೆ, ಇಷ್ಟು ಸಂಖ್ಯೆಯಲ್ಲಿ ಬೇರೆ ಯಾವ ವಿಮಾನವೂ ತಯಾರಾಗಿಲ್ಲ. ಹುಡುಗರು ಏರ್‌ಬಸ್ ಬೇಕು ಅಂತ ಹಟ ಹಿಡಿಯುತ್ತಾರೆ, ಬೇಡ. ಏರ್‌ಬಸ್‌ನಲ್ಲಿ ಎಷ್ಟೋ ಕೆಲಸ ಕಂಪ್ಯೂಟರೇ ಮಾಡಿಬಿಡುತ್ತೆ, ನಿಮ್ಮ ತಪ್ಪು ನಿಮಗೇ ಕಾಣುವುದಿಲ್ಲ. ಸೆಸ್ನಾದಲ್ಲಿ ತಪ್ಪಿದ ಕ್ಷಣವೇ ಗೊತ್ತಾಗುತ್ತೆ. ರನ್‌ವೇ ನಮ್ಮ ಪಕ್ಕದ ದೇವನಹಳ್ಳಿಯದು. ಲೊಕೇಶನ್ ಅಂತ ಇರುವ ಕಡೆ ಆ ವಿಮಾನ ನಿಲ್ದಾಣದ ಗುರುತಾದ ವಿಒಬಿಎಲ್ (VOBL) ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದರೆ ಸಿಗುತ್ತೆ. 4 ಕಿಲೋಮೀಟರ್ ಉದ್ದದ ರನ್‌ವೇ, ಹೊಸಬರು ಎಷ್ಟು ಎಡವಿದರೂ ಜಾಗ ಉಳಿಯುತ್ತೆ. ಇಂಜಿನ್ ಸ್ಟಾರ್ಟ್ ಮಾಡುವುದು, ಟ್ಯಾಕ್ಸಿ ಅಂದರೆ ನೆಲದ ಮೇಲೆ ಓಡಿಸುವುದು, ಟೇಕಾಫ್, ಲ್ಯಾಂಡಿಂಗ್ ಇವಕ್ಕೆಲ್ಲ ಸಾಫ್ಟ್‌ವೇರ್ ಒಳಗೇ ಪಾಠಗಳಿವೆ. ಇಂಗ್ಲಿಷಿನಲ್ಲಿವೆ, ಮೆಲ್ಲಗೆ ಓದಿಕೊಂಡರೆ ಅರ್ಥವಾಗುತ್ತೆ.

ನನ್ನ ಅಕ್ಕನ ಮಗಳು ಕಲಿತದ್ದು ಹೀಗೇ. ಮೊದಲ ದಿನ ಕೂತ ತಕ್ಷಣ ಕೇಳಿದಳು, "ಮಾಮ, ಈ ಮೀಟರ್ ಕೆಟ್ಟೋಗಿದೆ ಅಲ್ವಾ? ನಿಂತಲ್ಲೇ 3,000 ಅಡಿ ತೋರಿಸ್ತಿದೆ." ಕೆಟ್ಟಿರಲಿಲ್ಲ. ಆ ಮೀಟರ್ ಎತ್ತರ ಲೆಕ್ಕ ಹಾಕುವುದು ಸಮುದ್ರ ಮಟ್ಟದಿಂದ, ದೇವನಹಳ್ಳಿ ನೆಲವೇ ಸುಮಾರು 3,000 ಅಡಿ ಎತ್ತರದಲ್ಲಿದೆ. ಮೀಟರ್ 4,000 ತೋರಿಸಿದರೆ ನೀವು ನೆಲದಿಂದ ಸಾವಿರ ಅಡಿ ಮೇಲಿದ್ದೀರಿ ಅಷ್ಟೇ. ನಂದಿ ಬೆಟ್ಟದ ತುದಿ 4,850 ಅಡಿ. ಇದನ್ನು ಹೇಳಿದಾಗ ಅವಳು ಒಂದು ನಿಮಿಷ ಸುಮ್ಮನಿದ್ದು, "ಹಂಗಾದ್ರೆ ಬೆಟ್ಟ ನಮಗಿಂತ ಮೇಲಿರುತ್ತೆ!" ಅಂದಳು. ಹುಟ್ಟಿದಾಗಿನಿಂದ ದಿನಾ ನೋಡುವ ಬೆಟ್ಟ ಅದು.

ಆಮೇಲೆ ಥ್ರಾಟಲ್, ಅಂದರೆ ಇಂಜಿನ್ನಿನ ಜೋರು, ಪೂರ್ತಿ ಕೊಟ್ಟಳು. ವಿಮಾನ ಎಡಕ್ಕೆ ಎಳೆದುಕೊಂಡು ಹುಲ್ಲಿಗೆ ಇಳಿಯಿತು. ಮೂರು ಸಲ ಹೀಗೇ ಆಯ್ತು, ಕೀಬೋರ್ಡ್ ಸರಿ ಇಲ್ಲ ಅಂದಳು. ಮೋಟರ್ ಕೆಲಸ ಮಾಡುವ ನನಗೆ ಇದು ಹೊಸದಲ್ಲ, ಸ್ವಿಚ್ ಹಾಕಿದಾಗ ಒಳಗೆ ಒಂದು ಕಡೆಗೆ ತಿರುಗಿದರೆ ಬಾಡಿ ಇನ್ನೊಂದು ಕಡೆಗೆ ಒದೆಯುತ್ತೆ. ವಿಮಾನದಲ್ಲಿ ಇದರ ಜೊತೆಗೆ ಪ್ರೊಪೆಲ್ಲರ್ ತಿರುಗಿಸಿ ಬಿಟ್ಟ ಗಾಳಿ ಮೈ ಸುತ್ತಿಕೊಂಡು ಹೋಗಿ ಬಾಲಕ್ಕೆ ಎಡಗಡೆಯಿಂದ ಬಡಿಯುತ್ತೆ, ಅದಕ್ಕೇ ಮೂಗು ಎಡಕ್ಕೆ ತಿರುಗುವುದು. ಬಾಲದಲ್ಲಿ ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ರಡ್ಡರ್ ಇರುತ್ತೆ, ಅದನ್ನು ಬಲಗಡೆಗೆ ಕೊಡಬೇಕು, ಅಂದರೆ ನಂಬರ್ ಪ್ಯಾಡ್‌ನ ಎಂಟರ್ ಕೀಯನ್ನು ಹದವಾಗಿ ಒತ್ತುತ್ತಿರಬೇಕು. ವೇಗ 55 ನಾಟ್ ಆದಾಗ, ಅಂದರೆ ಗಂಟೆಗೆ ಸುಮಾರು 100 ಕಿ.ಮೀ., ಮೂಗು ಸ್ವಲ್ಪ ಎತ್ತಿದರೆ ತಾನೇ ಮೇಲೇಳುತ್ತೆ.

ಕಷ್ಟ ಇರುವುದು ಇಳಿಸುವುದರಲ್ಲಿ. ರನ್‌ವೇ ಕಂಡ ತಕ್ಷಣ ಎಲ್ಲರೂ ಮೂಗು ಕೆಳಗೆ ಒತ್ತುತ್ತಾರೆ, ವೇಗ ಏರುತ್ತೆ, ವಿಮಾನ ನೆಲಕ್ಕೆ ಕೂರದೆ ತೇಲಿಕೊಂಡು ಮುಂದಕ್ಕೆ ಹೋಗಿಬಿಡುತ್ತೆ. ವೇಗವನ್ನು ಮೂಗಿನಿಂದ ಹಿಡಿಯಬೇಕು, ಎತ್ತರವನ್ನು ಥ್ರಾಟಲ್‌ನಿಂದ. 65 ನಾಟ್‌ಗೆ ನಿಲ್ಲಿಸಿಕೊಂಡು, ರನ್‌ವೇ ಹತ್ತಿರ ಬಂದಾಗ ಥ್ರಾಟಲ್ ಮುಚ್ಚಿ, ಮೂಗನ್ನು ನಿಧಾನಕ್ಕೆ ಎತ್ತುತ್ತಾ ಹೋಗಬೇಕು. ಹುಡುಗಿ ಪ್ರತಿ ಲ್ಯಾಂಡಿಂಗನ್ನೂ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಾಳೆ, ವೇಗ ಎಷ್ಟಿತ್ತು, ಎಲ್ಲಿ ತಪ್ಪಿತು ಅಂತ. 23ನೇದು ಸರಿಯಾಗಿ ಬಂತು. ವೇಗ ತೀರಾ ಇಳಿದಾಗ ಎಚ್ಚರಿಸುವ ಸ್ಟಾಲ್ ಹಾರ್ನ್ ಪೀ ಅಂತ ಕೂಗಿತು, ಹಿಂದಿನ ಎರಡು ಚಕ್ರ ಕೀಚ್ ಅಂತ ತಾಗಿದವು, ಆಮೇಲೆ ಮೂಗಿನ ಚಕ್ರ ಮೆಲ್ಲಗೆ ಕೂತಿತು. ವಿಮಾನ ಪೂರ್ತಿ ನಿಂತ ಮೇಲೂ ಅವಳು ಬ್ರೇಕಿನ ಬಿ ಕೀ ಬಿಟ್ಟಿರಲಿಲ್ಲ. ಒಳಗೆ ರೊಟ್ಟಿ ತಟ್ಟುತ್ತಿದ್ದ ಅಕ್ಕನನ್ನು ಕೂಗಿ ಕರೆದು, ಪರದೆ ಮೇಲೆ ನಿಂತ ವಿಮಾನ ತೋರಿಸಿದಳು.

ಇಂಥ ಇಪ್ಪತ್ತು ಲ್ಯಾಂಡಿಂಗ್ ಆದ ಮೇಲೆ ಜಾಯ್‌ಸ್ಟಿಕ್ ತಗೊಳ್ಳಿ, ಅದಕ್ಕೆ ಮೊದಲು ಬೇಡ. ಹಿಡಿ ತಿರುಗುವಂಥದ್ದು ನೋಡಿ ತಗೊಳ್ಳಿ, ಹಿಡಿಯನ್ನು ತಿರುಗಿಸಿದರೆ ರಡ್ಡರ್ ಕೆಲಸ ಆಗುತ್ತೆ, ಬೇರೆ ಪೆಡಲ್ ಬೇಕಾಗುವುದಿಲ್ಲ. ಕೆಲವೇ ಸಾವಿರದಲ್ಲಿ ಮುಗಿಯುತ್ತೆ. ದೊಡ್ಡ ಸಿಮ್ಯುಲೇಟರ್, ಗ್ರಾಫಿಕ್ಸ್ ಕಾರ್ಡ್, ವ್ಯಾಟ್‌ಸಿಮ್ ಅನ್ನುವ ಇಂಟರ್‌ನೆಟ್ ಜಾಲದಲ್ಲಿ ಬೇರೆಯವರ ಜೊತೆ ರೇಡಿಯೊದಲ್ಲಿ ಮಾತಾಡಿಕೊಂಡು ಹಾರುವುದು, ಇವೆಲ್ಲ ವರ್ಷ ಕಳೆದ ಮೇಲೆ ಯೋಚಿಸಿದರೆ ಆಯ್ತು.

ಅಷ್ಟು ಬಂದ ಮೇಲೆ ಮಗನಿಗೆ ಒಂದು ಕೆಲಸ ಹೇಳಿ. ದೇವನಹಳ್ಳಿಯಿಂದ ಎದ್ದು 6,000 ಅಡಿಗೆ ಏರಿ, ಚಿಕ್ಕಬಳ್ಳಾಪುರದ ಮೇಲೆ ಬಂದು ವಾಪಸ್ ಹೋಗಲಿ. ನೇರ ದಾರಿಯಲ್ಲಿ ಸುಮಾರು 26 ಕಿ.ಮೀ., ಬಹುತೇಕ ಉತ್ತರಕ್ಕೆ. 100 ನಾಟ್ ವೇಗದಲ್ಲಿ ಎಂಟೂವರೆ ನಿಮಿಷ. ಈ ಲೆಕ್ಕವನ್ನು ಅವನೇ ಕಾಗದದ ಮೇಲೆ ಹಾಕಲಿ. ದಿಕ್ಸೂಚಿ, ಗಡಿಯಾರ ಎರಡೇ ನೋಡಿಕೊಂಡು ಬಂದರೆ ನಂದಿ ಬೆಟ್ಟ ಎಡಗಡೆ ಬರಬೇಕು. ಬಲಗಡೆ ಬಂದರೆ ದಾರಿ ತಪ್ಪಿದ್ದಾನೆ.

ಗಾಳಿಯ ಲೆಕ್ಕವನ್ನೂ ಹೀಗೇ ಕಲಿಯಬಹುದು. ದೇವನಹಳ್ಳಿ ರನ್‌ವೇಗಳ ಒಂದು ತುದಿಗೆ 09, ಇನ್ನೊಂದಕ್ಕೆ 27 ಅಂತ ನಂಬರ್. ದಿಕ್ಕಿನ ಡಿಗ್ರಿಯಲ್ಲಿ ಕೊನೆಯ ಸೊನ್ನೆ ಬಿಟ್ಟು ಬರೆದ ನಂಬರ್ ಅದು, 90 ಡಿಗ್ರಿ ಅಂದರೆ ಪೂರ್ವ, 270 ಅಂದರೆ ಪಶ್ಚಿಮ. ವಿಮಾನ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮಳೆಗಾಲದಲ್ಲಿ ನಮ್ಮ ಕಡೆ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ, ಅದಕ್ಕೆ ತಕ್ಕ ಹಾಗೆ ದಿಕ್ಕು ಬದಲಾಗುತ್ತೆ. ಈಗ ನಮ್ಮ ಹುಡುಗಿ ತೋಟದಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ತಲೆ ಎತ್ತಿ ನೋಡಿ, ಇವತ್ತು 27 ಕಡೆಗೆ ಇಳೀತಿದ್ದಾವೆ ಅನ್ನುತ್ತಾಳೆ.

ಒಂದು ವಿಷಯ ಮಾತ್ರ ಆ ತಾಯಿಗೆ ಬಿಡಿಸಿ ಹೇಳಬೇಕು. ಮನೆಯಲ್ಲಿ ಹಾರಿಸಿದ ಗಂಟೆಗಳು ಲೈಸೆನ್ಸ್‌ಗೆ ಲೆಕ್ಕ ಇಲ್ಲ. ಕಮರ್ಷಿಯಲ್ ಪೈಲಟ್ ಆಗಲು 18 ವರ್ಷ ತುಂಬಿರಬೇಕು, 200 ಗಂಟೆ ಹಾರಿದ ಅನುಭವ ಬೇಕು, ಅದಕ್ಕೆ ಆಗುವ ಖರ್ಚು ಬೇರೆಯೇ. ಆದರೆ ಜಕ್ಕೂರಿನಂಥ ಕಡೆ ವಿಮಾನ ತರಬೇತಿ ಶಾಲೆಗೆ ಹೋಗಿ ಸೇರುವ ಮೊದಲು, ಈ ಕೆಲಸ ತನಗೆ ನಿಜವಾಗಿ ಇಷ್ಟವಾ ಅನ್ನುವುದನ್ನು ಹುಡುಗ ಮನೆಯಲ್ಲೇ ತಿಳಿದುಕೊಳ್ಳಬಹುದು.

ಸಂಪಾದಕರೇ, ಕಳೆದ ವಾರದ ಪತ್ರಕ್ಕೆ ನೀವು 'ಗೇಮ್ ಹುಚ್ಚು' ಅಂತ ತಲೆಬರಹ ಕೊಟ್ಟಿದ್ದು ಓದಿ ನನಗೆ ಬೇಸರವಾಯ್ತು. ಸಂಜೆಯೆಲ್ಲ ಕೂತು ಗಾಳಿ, ಎತ್ತರ, ಡಿಗ್ರಿ ಲೆಕ್ಕ ಹಾಕುವ ಮಕ್ಕಳಿಗೆ ಆ ಮಾತು ಸಲ್ಲುವುದಿಲ್ಲ.

ನಮ್ಮ ಅಂಗಡಿಯಲ್ಲಿ ಒಂದು ಜಾಯ್‌ಸ್ಟಿಕ್ ಹೆಚ್ಚಿಗೆ ಇದೆ, ಹಿಡಿ ತಿರುಗುವಂಥದ್ದೇ. ಆ ಹುಡುಗ ಕೀಬೋರ್ಡ್‌ನಲ್ಲಿ ಇಪ್ಪತ್ತು ಲ್ಯಾಂಡಿಂಗ್ ಮುಗಿಸಿ, ನೋಟ್‌ಬುಕ್ ತಗೊಂಡು ಬಂದರೆ ಕೊಟ್ಟು ಕಳಿಸುತ್ತೇನೆ. ನನ್ನ ಫೋನ್ ನಂಬರನ್ನು ನಿಮ್ಮ ಕಚೇರಿಗೆ ಬೇರೆ ಚೀಟಿಯಲ್ಲಿ ಬರೆದು ಕೊಟ್ಟಿದ್ದೇನೆ, ದಯವಿಟ್ಟು ಆ ತಾಯಿಗೆ ತಲುಪಿಸಿ. ಭಾನುವಾರ ಬೆಳಿಗ್ಗೆ ಅಂಗಡಿಯಲ್ಲೇ ಇರುತ್ತೇನೆ.

ಇಂತಿ,
ನಿಮ್ಮ ಓದುಗ,
ಚಿಕ್ಕಬಳ್ಳಾಪುರ